ಹೆಸರು ಹಿಡಿದು ಕರೆಯುವ ಮನೆ
(ಕ್ರಿಸ್ತರಾಜರ ಹಬ್ಬದ ಚಿಂತನೆ)



ಪೂಜಾವರ್ಷದ ಕೊನೆಯ ಭಾನುವಾರ ನಾವು ಕ್ರಿಸ್ತರಾಜರ ಹಬ್ಬವನ್ನು ಆಚರಿಸುತ್ತೇವೆ. 1925ರಲ್ಲಿ ಜಗದ್ಗುರು ಹನ್ನೊಂದನೇ ಪಿಯುಸ್‌ರವರು ಈ ಹಬ್ಬವನ್ನು ಧರ್ಮಸಭೆಗೆ ಕೊಟ್ಟರು. ಮೊದಲು ಗರಿಗಳ ಭಾನುವಾರದಂದು ಧರ್ಮಕ್ಷೇತ್ರಗಳಲ್ಲಿ ನಡೆಯುತ್ತಿದ್ದ ಯುವಜನರ ದಿನವು 2021ರಿಂದ ಈ ಹಬ್ಬದ ದಿನಕ್ಕೆ ಬಂದಿದೆ. ರಾಜರ ಹಬ್ಬಕ್ಕೂ ಯುವಜನರಿಗೂ ಏನು ಸಂಬಂಧ ಎಂದು ಕೇಳುವವರುಂಟು. ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯವನ್ನು ತೆರೆದರೆ ಉತ್ತರ ಸಿಗುತ್ತದೆ. ಅಲ್ಲಿ ಸಿಂಹಾಸನದಲ್ಲಿ ಕುಳಿತ ರಾಜರು ನಮ್ಮಿಂದ ಕೇಳುವ ಲೆಕ್ಕ ಬಹಳ ಸರಳವಾದದ್ದು: ಹಸಿದವನಿಗೆ ಉಣಬಡಿಸಿದೆಯಾ? ಕಾಯಿಲೆಯವನನ್ನು ನೋಡಿಬಂದೆಯಾ? ಊರಿಗೆ ಹೊಸಬನಾಗಿ ಬಂದವನನ್ನು ಮನೆಯೊಳಗೆ ಕರೆದೆಯಾ? ಆ ಹೊಸಬನ ರೂಪದಲ್ಲಿ ಬಂದವರು ರಾಜರೇ ಎಂಬುದು ಕೊನೆಯಲ್ಲಿ ತಿಳಿಯುತ್ತದೆ.

ಹಾಗಾದರೆ ನಮ್ಮ ಬೀದಿಗೆ ಹೊಸಬರಾಗಿ ಬಂದವರು ಯಾರು?

ನಾವು ವಾಸಿಸುವ ಈ ಬಡಾವಣೆಗಳ ಚರಿತ್ರೆಯನ್ನು ಸ್ವಲ್ಪ ನೆನೆಯೋಣ. ಚಾಮರಾಜಪೇಟೆ 1892ರಲ್ಲಿ ಹುಟ್ಟಿತು. 1898ರ ಪ್ಲೇಗ್ ಮಾರಿಗೆ ಹಳೆಯ ಪೇಟೆ ತತ್ತರಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಇಕ್ಕಟ್ಟಿನ ಗಲ್ಲಿಗಳನ್ನು ಬಿಟ್ಟು ಗಾಳಿ ಬೆಳಕು ಅರಸಿ ಬಂದವರು ಇಲ್ಲಿ ಮನೆ ಕಟ್ಟಿದರು. ಅಂದರೆ ಇವು ಮೊದಲಿನಿಂದಲೂ ಬಂದವರ ಬಡಾವಣೆಗಳೇ. ಇಂದೂ ಬರುವವರು ನಿಂತಿಲ್ಲ. ಬಸವನಗುಡಿಯಲ್ಲಿ ನ್ಯಾಷನಲ್ ಕಾಲೇಜು, 1946ರಲ್ಲಿ ಆರಂಭವಾದ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜು, ಚಾಮರಾಜಪೇಟೆಯ ಮಗ್ಗುಲಲ್ಲಿ 1955ರ ಬೆಂಗಳೂರು ವೈದ್ಯಕೀಯ ಕಾಲೇಜು, ಮಲ್ಲೇಶ್ವರದ ಆಚೆಗೆ ಭಾರತೀಯ ವಿಜ್ಞಾನ ಸಂಸ್ಥೆ. ಓದಲೆಂದೂ ಕೆಲಸಕ್ಕೆಂದೂ ಮಂಗಳೂರು, ಚಿಕ್ಕಮಗಳೂರು, ಹಾಸನ, ಕೋಲಾರ, ರಾಯಚೂರುಗಳಿಂದ, ಕೇರಳ, ತಮಿಳುನಾಡು, ಈಶಾನ್ಯ ರಾಜ್ಯಗಳಿಂದ ಬರುವ ಮಕ್ಕಳಲ್ಲಿ ನಮ್ಮ ಕಥೋಲಿಕ ಮಕ್ಕಳೂ ಇದ್ದಾರೆ. ಹಾಸ್ಟೆಲಿನಲ್ಲಿ, ಪಿಜಿಯಲ್ಲಿ, ನಾಲ್ವರು ಸೇರಿ ಹಿಡಿದ ಬಾಡಿಗೆ ಕೋಣೆಯಲ್ಲಿ ಇರುತ್ತಾರೆ.

ನಮ್ಮ ಧರ್ಮಕೇಂದ್ರಗಳು ಕುಟುಂಬದ ಲೆಕ್ಕದಲ್ಲಿ ನಡೆಯುತ್ತವೆ. ಮನೆಗೊಂದು ಕಾರ್ಡು, ಬೀದಿಗೊಂದು ಕಿರು ಕ್ರೈಸ್ತ ಸಮುದಾಯ. ಈ ಏರ್ಪಾಡು ಒಳ್ಳೆಯದೇ. ಆದರೆ ಪಿಜಿಯಲ್ಲಿರುವ ಹುಡುಗಿಗೆ ಇಲ್ಲಿ ಕುಟುಂಬವಿಲ್ಲ, ಆದ್ದರಿಂದ ಕಾರ್ಡಿಲ್ಲ, ಆದ್ದರಿಂದ ಯಾವ ಸಮುದಾಯದ ಪಟ್ಟಿಯಲ್ಲೂ ಹೆಸರಿಲ್ಲ. ಭಾನುವಾರದ ಬಲಿಪೂಜೆಗೆ ಬಂದು ಬಾಗಿಲ ಬಳಿ ನಿಂತು, ಕೊನೆಯ ಗೀತೆ ಮುಗಿಯುವ ಮುನ್ನ ಹೊರಟುಹೋಗುತ್ತಾಳೆ. ಡೆಂಗಿ ಜ್ವರ ಬಂದು ನಾಲ್ಕು ದಿನ ಮಲಗಿದರೂ ಧರ್ಮಕೇಂದ್ರಕ್ಕೆ ಸುದ್ದಿ ತಲುಪುವುದಿಲ್ಲ. ಅವಳು ಬರುವುದನ್ನೇ ನಿಲ್ಲಿಸಿದರೂ ಯಾರಿಗೂ ತಿಳಿಯುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳ ಕಥೆಯೂ ಬಹಳ ಭಿನ್ನವಲ್ಲ. ದೃಢೀಕರಣ ಸಂಸ್ಕಾರ ಮುಗಿದೊಡನೆ ಧರ್ಮೋಪದೇಶ ಮುಗಿಯಿತು. ಆಮೇಲೆ ಅವರ ನೆನಪು ಬರುವುದು ಗೋದಲಿ ಕಟ್ಟುವಾಗ, ಹಬ್ಬಕ್ಕೆ ಕುರ್ಚಿ ಹೊರುವಾಗ.

‘ಮೂರು ನಾಲ್ಕು ವರ್ಷ ಇದ್ದು ಹೋಗುವವರಿಗೆ ಇಷ್ಟೆಲ್ಲ ಏಕೆ?’ ಎಂದು ಕೆಲವರು ಕೇಳಬಹುದು. ಪ್ರಿಸಿಲ್ಲ ಮತ್ತು ಅಕ್ವಿಲ ದಂಪತಿಯನ್ನು ನೆನೆಯಿರಿ. ಕ್ಲಾಡಿಯಸ್ ಚಕ್ರವರ್ತಿಯ ಆಜ್ಞೆಯಿಂದ ರೋಮ್ ಬಿಟ್ಟು ಕೊರಿಂಥಕ್ಕೆ ಬಂದ ಇವರು ಡೇರೆ ಮಾಡುವ ಕಸುಬಿನವರು. ಅದೇ ಕಸುಬಿನ ಸಂತ ಪೌಲರಿಗೆ ತಮ್ಮ ಮನೆಯಲ್ಲಿ ಇಂಬು ಕೊಟ್ಟರು. ಮುಂದೆ ಎಫೆಸಕ್ಕೆ ಹೋದರು, ಮತ್ತೆ ರೋಮ್‌ಗೆ ಮರಳಿದರು. ಎಫೆಸದಲ್ಲೂ ರೋಮ್‌ನಲ್ಲೂ ಅವರ ಮನೆಯಲ್ಲಿ ಕ್ರೈಸ್ತ ಸಭೆ ಕೂಡುತ್ತಿತ್ತೆಂದು ಪೌಲರ ಪತ್ರಗಳೇ ಹೇಳುತ್ತವೆ. ಒಂದೆಡೆ ನಿಲ್ಲದವರೇ ಧರ್ಮಸಭೆಯನ್ನು ಕಟ್ಟಿದರು. ಇಂದು ನಮ್ಮ ಮನೆಯಲ್ಲಿ ಉಂಡು ಪ್ರಾರ್ಥಿಸಿದ ಹುಡುಗ ನಾಳೆ ಪುಣೆಯಲ್ಲೋ ದುಬೈಯಲ್ಲೋ ತನ್ನ ಮನೆಯ ಬಾಗಿಲು ತೆರೆಯುತ್ತಾನೆ.

ಪ್ರಿಯರೇ, ಯುವಜನರ ಸಮುದಾಯ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಧರ್ಮಸಭೆಯಲ್ಲಿ ಒಳ್ಳೆಯ ಮಾದರಿಯಿದೆ. 1833ರ ಏಪ್ರಿಲ್ 23ರಂದು ಪ್ಯಾರಿಸ್ಸಿನಲ್ಲಿ ಕೆಲವೇ ಮಂದಿ ವಿದ್ಯಾರ್ಥಿಗಳು ಒಂದು ಪತ್ರಿಕಾ ಕಚೇರಿಯಲ್ಲಿ ಕೂಡಿದರು. ಅವರಲ್ಲಿ ಪ್ರಮುಖನಾದ ಫ್ರೆಡೆರಿಕ್ ಓಜಾನಾಂಗೆ ಅಂದು 20 ವರ್ಷ ತುಂಬಿತ್ತು. ಪ್ರಾರ್ಥನೆ ಮಾಡಿ, ಬಡವರ ಮನೆಗಳಿಗೆ ಹೋಗುವ ತೀರ್ಮಾನ ಮಾಡಿದರು. ನಮ್ಮ ಧರ್ಮಕೇಂದ್ರಗಳಲ್ಲಿ ಇಂದೂ ಸೇವೆ ಮಾಡುತ್ತಿರುವ ಸಂತ ವಿನ್ಸೆಂಟ್ ದಿ ಪಾಲ್ ಸಭೆ ಹುಟ್ಟಿದ್ದು ಹೀಗೆ. ಇಲ್ಲಿ ಇಬ್ಬರು ಹಿರಿಯರ ಪಾತ್ರವನ್ನು ಮರೆಯಬಾರದು. ಕೂಡಲು ಜಾಗ ಕೊಟ್ಟವರು ಇಮ್ಯಾನುಯೆಲ್ ಬೈಯಿ ಎಂಬ ಪತ್ರಕರ್ತರು. ಯಾವ ಓಣಿಯಲ್ಲಿ ಯಾರು ಹಸಿದಿದ್ದಾರೆಂದು ತೋರಿಸಿಕೊಟ್ಟವರು ಸಿಸ್ಟರ್ ರೊಸಾಲಿ ರೆಂದು. ಹುರುಪು ಯುವಕರದು, ಬಾಗಿಲು ತೆರೆದವರು, ದಾರಿ ತೋರಿಸಿದವರು ಹಿರಿಯರು.

ಅದೇ ಸಭೆಯನ್ನು 1918ರಲ್ಲಿ ಇಟಲಿಯ ಟ್ಯೂರಿನ್ ನಗರದ ಒಬ್ಬ ಹುಡುಗ ಸೇರಿದ. ಅವನೇ ಮುಂದೆ ಎಂಜಿನಿಯರಿಂಗ್ ಓದಿದ ಪಿಯೆರ್ ಜಾರ್ಜೊ ಫ್ರಸಾತಿ. ಗೆಳೆಯರೊಡನೆ ಬೆಟ್ಟ ಹತ್ತುತ್ತಿದ್ದ, ನಗುತ್ತಿದ್ದ, ಪ್ರಾರ್ಥಿಸುತ್ತಿದ್ದ, ಸದ್ದಿಲ್ಲದೆ ಬಡವರಿಗೆ ನೆರವಾಗುತ್ತಿದ್ದ. 1925ರಲ್ಲಿ, ಕೇವಲ 24ರ ಪ್ರಾಯದಲ್ಲಿ ಪೋಲಿಯೋ ತಗುಲಿ ತೀರಿಕೊಂಡಾಗ ಅಂತಿಮ ಯಾತ್ರೆಗೆ ಟ್ಯೂರಿನ್‌ನ ಬಡಜನ ನೆರೆದರು. 2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೇ ಲಿಯೋರವರು ಅವನನ್ನೂ, 15ರ ಬಾಲಕ ಕಾರ್ಲೊ ಅಕುಟಿಸ್‌ನನ್ನೂ ಸಂತರೆಂದು ಘೋಷಿಸಿದರು. ವಿದ್ಯಾರ್ಥಿಗಳು ಹಚ್ಚಿದ ದೀಪ ಸುಮಾರು 90 ವರ್ಷಗಳ ನಂತರ ಇನ್ನೊಬ್ಬ ಯುವಕನಿಗೆ ಬೆಳಕಾಯಿತು.

ನಮ್ಮಲ್ಲಿ ಏನು ಮಾಡಬಹುದು?

ಮೊದಲನೆಯದು, ಹೆಸರು. ಪೂಜೆ ಮುಗಿದ ಮೇಲೆ ಇಬ್ಬರು ಯುವಜನರೂ ಒಬ್ಬ ತಾಯಿಯೂ ಬಾಗಿಲ ಬಳಿ ನಿಂತು ಹೊಸಬರನ್ನು ಮಾತನಾಡಿಸಲಿ. ಇಷ್ಟಪಟ್ಟವರ ಹೆಸರು, ಊರು, ಫೋನ್ ನಂಬರು ಒಂದು ಪುಸ್ತಕದಲ್ಲಿರಲಿ. ಅದು ಧರ್ಮಕೇಂದ್ರದ ಕಚೇರಿಯಲ್ಲೇ ಇರಲಿ. ಮುಂದಿನ ವಾರ ಹೆಸರು ಹಿಡಿದು ಕರೆದರೆ ಅರ್ಧ ಕೆಲಸ ಆದಂತೆ.

ಎರಡನೆಯದು, ಊಟ. ಪ್ರತಿಯೊಂದು ಕಿರು ಕ್ರೈಸ್ತ ಸಮುದಾಯದಲ್ಲಿ ತಿಂಗಳಿಗೊಂದು ಮನೆ, ಒಂದು ಭಾನುವಾರ ಇಬ್ಬರು ವಿದ್ಯಾರ್ಥಿಗಳನ್ನು ಊಟಕ್ಕೆ ಕರೆಯಲಿ. ವಿಶೇಷ ಅಡುಗೆ ಬೇಡ, ಮನೆಯ ಅನ್ನ ಸಾರು ಸಾಕು. ಒಬ್ಬೊಬ್ಬರನ್ನೇ ಕರೆಯದೆ ಇಬ್ಬಿಬ್ಬರನ್ನು ಕರೆಯುವುದು, 18 ತುಂಬದವರಾದರೆ ಹೆತ್ತವರಿಗೆ ಮೊದಲೇ ತಿಳಿಸುವುದು ಎಲ್ಲರಿಗೂ ಕ್ಷೇಮ.

ಮೂರನೆಯದು, ಮಾತು. ಕನ್ನಡ ಈ ನೆಲದ ಭಾಷೆ. ಬಂದವರು ಕಲಿಯಬೇಕೆಂದು ನಾವು ಬಯಸುವುದು ಸಹಜ. ಆದರೆ ಊಟದ ಎಲೆಯ ಮುಂದೆ ಕಲಿತ ಕನ್ನಡ ಬೈಗುಳದಿಂದ ಬರುವುದಿಲ್ಲ. ಅವರ ತಾಯ್ನುಡಿಯ ಒಂದು ಗೀತೆಗೂ ನಮ್ಮಲ್ಲಿ ಜಾಗವಿರಲಿ.

ನಾಲ್ಕನೆಯದು, ಸೇವೆ. ವಿಕ್ಟೋರಿಯ, ವಾಣಿವಿಲಾಸ ಆಸ್ಪತ್ರೆಗಳು ಚಾಮರಾಜಪೇಟೆಗೆ ಹತ್ತಿರದಲ್ಲೇ ಇವೆ. ದೂರದ ಹಳ್ಳಿಗಳಿಂದ ಬಂದು ಯಾವ ಕೌಂಟರಿಗೆ ಹೋಗಬೇಕೆಂದು ತಿಳಿಯದೆ ನಿಂತವರಿಗೆ, ಆಸ್ಪತ್ರೆಯ ಅನುಮತಿ ಪಡೆದು, ಅರ್ಜಿ ತುಂಬಿಕೊಡುವ ಕೆಲಸ ವಿದ್ಯಾರ್ಥಿಗಳ ಕೈಲಾಗುವಂಥದ್ದು. ಬರೀ ಕೂಟ ಕೆಲವು ವಾರಗಳಲ್ಲಿ ಬೇಸರವಾಗುತ್ತದೆ. ಸೇವೆಯಲ್ಲಿ ಬೆಸೆದ ಗೆಳೆತನ ಉಳಿಯುತ್ತದೆ.

ಐದನೆಯದು, ಜವಾಬ್ದಾರಿ. ಪಾಲನಾ ಸಮಿತಿಯಲ್ಲಿ ಯುವಜನರಿಗೆ ಕುರ್ಚಿ ಇರಲಿ, ಹೊರಲು ಅಲ್ಲ, ಕುಳಿತು ಮಾತನಾಡಲು. ಯುವಜನರು ಧರ್ಮಸಭೆಯ ನಾಳೆ ಮಾತ್ರವಲ್ಲ, ಅದರ ಇಂದು ಕೂಡ ಎಂದು ಜಗದ್ಗುರು ಫ್ರಾನ್ಸಿಸ್‌ರವರು 2019ರಲ್ಲಿ ಯುವಜನರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾರೆ.

ಒಂದೊಂದು ಧರ್ಮಕೇಂದ್ರದಲ್ಲಿ ಐದಾರು ಮಂದಿ ಮಾತ್ರ ಸಿಕ್ಕರೆ ನಿರಾಶರಾಗುವುದು ಬೇಡ. ನೆರೆಯ ಧರ್ಮಕೇಂದ್ರಗಳು ಕೈಜೋಡಿಸಲಿ. 2017ರಿಂದ ಮೆಟ್ರೋದ ಹಸಿರು ಮಾರ್ಗ ಮಲ್ಲೇಶ್ವರದ ಸಂಪಿಗೆ ರಸ್ತೆಯಿಂದ ಕೆ.ಆರ್. ಮಾರುಕಟ್ಟೆಯ ಮೂಲಕ ನ್ಯಾಷನಲ್ ಕಾಲೇಜಿನವರೆಗೆ ಒಂದೇ ದಾರಿ ಮಾಡಿಕೊಟ್ಟಿದೆ. ಓಜಾನಾಂ ಜೊತೆಗಿದ್ದವರೂ ಬೆರಳೆಣಿಕೆಯಷ್ಟೇ ಮಂದಿ.

ಈ ಹಬ್ಬದಂದು ಕ್ರಿಸ್ತರಾಜರ ಸ್ವರೂಪವನ್ನು ಹೂವಿನಿಂದ ಅಲಂಕರಿಸಿ ಮೆರವಣಿಗೆ ಮಾಡುತ್ತೇವೆ, ಮಾಡೋಣ. ಜೊತೆಗೆ ಬಾಗಿಲ ಬಳಿ ನಿಂತಿರುವ ಆ ಹೊಸ ಮುಖದತ್ತಲೂ ತಿರುಗಿ, ‘ನಿನ್ನ ಹೆಸರೇನಮ್ಮಾ? ಊಟಕ್ಕೆ ಬಾ’ ಎನ್ನೋಣ. ಕಡೆಯ ದಿನ ರಾಜರು ಕೇಳುವ ಪ್ರಶ್ನೆಗೆ ನಮ್ಮ ಮನೆಯ ಉತ್ತರ ಅದಾಗಲಿ. ನಮ್ಮ ಎಲ್ಲ ಕುಟುಂಬಗಳನ್ನೂ, ಮನೆಯಿಂದ ದೂರವಿರುವ ಎಲ್ಲ ಮಕ್ಕಳನ್ನೂ ಕ್ರಿಸ್ತರಾಜರು ಹರಸಲಿ. ಆಮೆನ್.