ಫ್ಯಾನ್ ‘ಡೈರೆಕ್ಟ್’ ಮಾಡುವ ಮೊದಲು

ಪುಣೆಯಿಂದ ಮಚಲೀಪಟ್ಟಣಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 65, ಹಳೆಯ ಲೆಕ್ಕದಲ್ಲಿ 9, ಬಸವಕಲ್ಯಾಣದ ತಿರುವು ಮತ್ತು ಹುಮನಾಬಾದ್ ದಾಟಿ ಮನ್ನಾಏಖೇಳ್ಳಿಯ ಮೇಲೆ ಹಾದು ಜಹೀರಾಬಾದಿನ ಕಡೆ ಹೋಗುತ್ತದೆ. ಏಪ್ರಿಲ್, ಮೇನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸ ಸುದ್ದಿಯೇನಲ್ಲ. ಆದರೂ ಎಂಬತ್ತರ ವೇಗದಲ್ಲಿ ಓಡುವ ಕಾರಿಗೆ ರೇಡಿಯೇಟರ್ ಫ್ಯಾನ್ ಬೇಕಾಗುವುದು ಅಪರೂಪ. ಎದುರುಗಾಳಿಯೇ ಆ ಕೆಲಸ ಮಾಡಿಕೊಡುತ್ತದೆ. ಗಾಡಿ ಊರೊಳಗೆ ನಿಂತಾಗ ಗಾಳಿ ನಿಲ್ಲುತ್ತದೆ, ಇಂಜಿನ್ನಿನ ಕಾವು ಮಾತ್ರ ನಿಲ್ಲುವುದಿಲ್ಲ. ಫ್ಯಾನ್ ಬೇಕಾಗುವುದು ಆಗ. ಆ ಗಳಿಗೆಯನ್ನು ಗುರುತಿಸುವುದು ಹೆಬ್ಬೆರಳ ದಪ್ಪದ ಟೆಂಪರೇಚರ್ ಸೆನ್ಸರ್. ಅದು ಕೆಟ್ಟಾಗ ಬಹಳಷ್ಟು ಕಡೆ ಸಿಗುವ ಮದ್ದು ಒಂದೇ: ವೈರ್ ಎಳೆದು ಫ್ಯಾನನ್ನು ‘ಡೈರೆಕ್ಟ್’ ಮಾಡುವುದು. ಕೀಲಿ ತಿರುಗಿಸಿದೊಡನೆ ಫ್ಯಾನ್ ಶುರು. ಆಟೋ ಇಲೆಕ್ಟ್ರಿಷಿಯನ್ನರ ಕಸುಬಿನಲ್ಲಿ ಇಷ್ಟು ಸಲೀಸಾದ ಕೆಲಸ ಇನ್ನೊಂದಿಲ್ಲ. ಅನುಮಾನಿಸಬೇಕಾದದ್ದೂ ಇದನ್ನೇ.

ಈ ರೂಢಿ ಬಂದದ್ದು ಲಾರಿಗಳಿಂದ ಇರಬೇಕು. ಬಸವಕಲ್ಯಾಣದ ಸೀಮೆಯಲ್ಲಿ ಮೆಕ್ಯಾನಿಕ್ ವಿದ್ಯೆ ಬೆಳೆದದ್ದೇ ಲಾರಿಗಳ ಮೇಲೆ. ಹಳೆಯ ಲಾರಿಯ ಫ್ಯಾನ್ ಇಂಜಿನ್ ತಿರುಗುವಷ್ಟು ಹೊತ್ತೂ ತಿರುಗುತ್ತಿತ್ತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳದೂ ಬೆಲ್ಟಿನ ಫ್ಯಾನೇ. ಇಂಜಿನ್ ಅಡ್ಡ ಕೂತ ಮಾರುತಿ 800ರಂಥ ಕಾರುಗಳಲ್ಲಿ ಎದುರಿನ ರೇಡಿಯೇಟರಿಗೆ ಬೆಲ್ಟಿನ ನಂಟು ತಪ್ಪಿತು, ಕರೆಂಟಿನ ಫ್ಯಾನ್ ಬಂತು. ಯಂತ್ರ ಬದಲಾಯಿತು, ಸದಾ ತಿರುಗಲಿ ಎಂಬ ಮನಸ್ಸು ಉಳಿಯಿತು.

ಸರಿಯಾದ ಮದ್ದು ಹೊಸ ಸೆನ್ಸರ್ ಕೂರಿಸುವುದು; ಅದು ತಣ್ಣಗಿನ ಇಂಜಿನ್ನಿನಲ್ಲಿ ಮಾಡುವ ಕೆಲಸ. ರೇಡಿಯೇಟರಿನ ಮುಚ್ಚಳ ಒಳಗಿನ ಒತ್ತಡವನ್ನು ಸುಮಾರು ಒಂದು ಬಾರ್‌ನಷ್ಟು ಏರಿಸಿರುತ್ತದೆ. ಬಿಸಿಯಲ್ಲಿ ಬಿಚ್ಚಿದರೆ ಕೂಲೆಂಟ್ ಚಿಮ್ಮಿ ಮೈ ಸುಡುತ್ತದೆ. ಒಂದೇ ತಂತಿಯ ಸೆನ್ಸರ್ ಅರ್ಥ್ ಪಡೆಯುವುದು ತನ್ನ ಮೈಯಿಂದಲೇ. ಸೋರದಿರಲಿ ಎಂದು ಅದರ ತಿರುಪಿಗೆ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದರೆ ಅರ್ಥ್ ಕೆಡುತ್ತದೆ, ಹೊಸ ಸೆನ್ಸರಿನ ಮೇಲೆ ಸುಳ್ಳೇ ಅಪವಾದ ಬರುತ್ತದೆ. ಫ್ಯಾನ್ ಹತ್ತು ಆಂಪಿಯರಿಗೂ ಮೇಲೆ ಎಳೆಯಬಲ್ಲದು, ಆ ಹೊರೆಯನ್ನು ಫ್ಯೂಸ್ ಮತ್ತು ರಿಲೇ ಹೊರಬೇಕು. ಸೆನ್ಸರ್ ರಿಲೇಯನ್ನು ಎಬ್ಬಿಸಿದರೆ ಸಾಕು. ಕೊನೆಗೆ ಕೂಲೆಂಟ್ ತುಂಬಿ, ಹೀಟರ್ ಬಿಸಿಗೆ ಇಟ್ಟು, ಇಂಜಿನ್ ಓಡಿಸಿ ಗಾಳಿ ಹೊರಡಿಸಬೇಕು. ಸೆನ್ಸರಿನ ತುದಿ ಗಾಳಿಗುಳ್ಳೆಯಲ್ಲಿ ಸಿಕ್ಕಿಕೊಂಡರೆ ಕೂಲೆಂಟ್ ಕುದಿಯುತ್ತಿದ್ದರೂ ಅದಕ್ಕೆ ತಿಳಿಯುವುದು ತಡ.

‘ಹೊಸದು ಹಾಕಿದೆವು, ಆದರೂ ಫ್ಯಾನ್ ತಿರುಗಲಿಲ್ಲ’ ಎಂಬ ದೂರು ಇಲ್ಲಿಂದಲೇ ಬರುತ್ತದೆ. ಬೀದರ್ ಸೀಮೆಗೆ ಇನ್ನೊಂದು ತೊಡಕೂ ಇದೆ. ಸ್ವಿಚ್ಚಿನಂಥ ಸೆನ್ಸರನ್ನು ಕುದಿಯುವ ನೀರಿಗೆ ಇಳಿಸಿ, ಮೀಟರ್ ಹಿಡಿದು ಪರೀಕ್ಷಿಸುವುದು ವಾಡಿಕೆ. ಸಮುದ್ರಮಟ್ಟದಿಂದ ಆರೇಳುನೂರು ಮೀಟರ್ ಎತ್ತರದ ಈ ನೆಲದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. 95 ಎಂದು ಬರೆದ ಸ್ವಿಚ್ ಕಷ್ಟಪಟ್ಟು ಕೂಡುತ್ತದೆ, 100ರದ್ದು ಕೂಡುವುದೇ ಇಲ್ಲ. ಒಳ್ಳೆಯದನ್ನೂ ಕೆಟ್ಟದೆಂದು ಎಸೆದು ಡೈರೆಕ್ಟ್ ಮಾಡುವುದಕ್ಕೆ ಇಷ್ಟು ಸಾಕು. ಎಸಿ ಹಾಕಿ ನೋಡುವುದು ಇದಕ್ಕಿಂತ ಮೇಲು: ಆಗ ರೇಡಿಯೇಟರ್ ಫ್ಯಾನ್ ತಿರುಗಿದರೆ ಮೋಟಾರ್ ನೆಟ್ಟಗಿದೆ, ಹುಡುಕಬೇಕಾದದ್ದು ಸೆನ್ಸರಿನ ಕಡೆ.

ಈ ಬಿಸಿಲಿಗೆ ಫ್ಯಾನ್ ಸದಾ ತಿರುಗಿದರೆ ನಷ್ಟವೇನು ಎಂದು ಕೇಳಬಹುದು. ಕೂಲೆಂಟಿನ ಹರಿವು ನಿಯಂತ್ರಿಸುವ ಥರ್ಮೋಸ್ಟಾಟ್ ಸರಿಯಿದ್ದರೆ ಇಂಜಿನ್ ಅತಿಯಾಗಿ ತಣ್ಣಗಾಗದು, ಅದು ನಿಜ. ಆದರೆ ಫ್ಯಾನ್ ಡೈರೆಕ್ಟ್ ಮಾಡುವ ಕೈ ‘ವಾಲ್ವ್ ಬೇಡ’ ಎಂದು ಥರ್ಮೋಸ್ಟಾಟನ್ನೂ ಕಿತ್ತಿಡುವುದುಂಟು. ಆಗ ಹೆದ್ದಾರಿಯಲ್ಲಿ ಇಂಜಿನ್ ತನ್ನ ಕಾವಿಗೆ ಬರುವುದೇ ಇಲ್ಲ, ಇಂಧನ ಹೆಚ್ಚು ಸುಡುತ್ತದೆ. ಫ್ಯಾನ್ ಒಂದನ್ನೇ ಡೈರೆಕ್ಟ್ ಮಾಡಿದರೂ ಅದರ ಮೋಟಾರಿನ ಕಾರ್ಬನ್ ಬೇಗ ಸವೆಯುತ್ತದೆ. ಕೂಲೆಂಟ್ ಇಳಿದದ್ದೋ ರೇಡಿಯೇಟರ್ ಕಟ್ಟಿದ್ದೋ ನಿಜವಾದ ಕಾರಣವಾಗಿದ್ದರೆ ಅದು ಮರೆಯಲ್ಲೇ ಉಳಿದು, ಒಂದು ದಿನ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ನಡುದಾರಿಯಲ್ಲಿ ಸೆನ್ಸರ್ ಕೈಕೊಟ್ಟರೆ ಎಂಬ ಭಯಕ್ಕೆ ಮಾತ್ರ ಬೆಲೆ ಕೊಡಲೇಬೇಕು. ಹಳೆಯ ಕಾರಿನಲ್ಲಿ ಸೆನ್ಸರ್ ಉಳಿಸಿಕೊಂಡೇ ಅದಕ್ಕೆ ಸಮಾನಾಂತರವಾಗಿ ಒಂದು ಸ್ವಿಚ್ ಇಟ್ಟುಕೊಳ್ಳಬಹುದು. ಇಸಿಯು, ಎಂದರೆ ಇಂಜಿನ್ನಿನ ಕಂಪ್ಯೂಟರ್, ಇರುವ ಕಾರುಗಳಲ್ಲಿ ಸೆನ್ಸರಿನ ಸುದ್ದಿ ನಿಂತರೆ ಹಲವು ಗಾಡಿಗಳು ಫ್ಯಾನನ್ನು ತಾವೇ ಪೂರ್ತಿ ಓಡಿಸುತ್ತವೆ. ಅಂಥ ಗಾಡಿಯಲ್ಲಿ ಸೆನ್ಸರಿನ ಕಪ್ಲರ್ ಕಿತ್ತು, ಇಂಜಿನ್ ಲೈಟ್ ಉರಿಯಲು ಬಿಟ್ಟು, ಹುಮನಾಬಾದಿನವರೆಗೆ ಹೋಗಬಹುದು.