ಕಿಮ್ಚಿ ಚಿನ್ನವಾದಾಗ ಹುಟ್ಟುವ ಹುಸಿಗಳು

2010ರ ಶರತ್ಕಾಲದಲ್ಲಿ ದಕ್ಷಿಣ ಕೊರಿಯಾದ ಆಗಿನ ಅಧ್ಯಕ್ಷ ಲೀ ಮ್ಯಂಗ್‌ಬಾಕ್ ತಮ್ಮ ಅಡುಗೆಯವರಿಗೆ ಒಂದು ಸೂಚನೆ ಕೊಟ್ಟರು. ಬೇಚು ತುಟ್ಟಿಯಾಗಿರುವುದರಿಂದ ತಮ್ಮ ಊಟಕ್ಕೆ ಮಾಮೂಲಿ ಗುಂಡು ಎಲೆಕೋಸಿನ ಕಿಮ್ಚಿಯೇ ಸಾಕು ಎಂದು. ಬೇಚು ಎಂದರೆ ಉದ್ದನೆಯ, ಸುಕ್ಕು ಎಲೆಯ ಚೀನಾ ಎಲೆಕೋಸು. ಉಪ್ಪು, ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿ, ಹುದುಗಿಸಿದ ಮೀನು ಸೇರಿಸಿ ಹುಳಿ ಬರಿಸಿದರೆ ಕೊರಿಯನ್ನರು ಹೊತ್ತುಹೊತ್ತಿಗೂ ತಿನ್ನುವ ಕಿಮ್ಚಿ ಅದೇ. ಅಧ್ಯಕ್ಷರ ಉದ್ದೇಶವೇನೋ ಒಳ್ಳೆಯದೇ. ಆದರೆ ಜನ ನಕ್ಕುಬಿಟ್ಟರು. ಆ ಹೊತ್ತಿಗೆ ಗುಂಡು ಕೋಸಿನ ಬೆಲೆಯೂ ಹೆಚ್ಚುಕಡಿಮೆ ಬೇಚುವಿನ ಮಟ್ಟಕ್ಕೇ ಏರಿ ಕೂತಿತ್ತು!

ಆ ವರ್ಷ ಒಂದು ಬೇಚು ಕೆಲವು ಅಂಗಡಿಗಳಲ್ಲಿ 15,000 ವಾನ್ ಮುಟ್ಟಿತು. ಕೆಲವೇ ತಿಂಗಳ ಹಿಂದಿನ ಬೆಲೆಗೆ ಅದು ಹಲವು ಪಟ್ಟು. ಹೊಲಗಳಿಂದ ಬೇಚು ಕದ್ದವರನ್ನು ಪೊಲೀಸರು ಹಿಡಿದರು. ರಾಜಧಾನಿ ಸೋಲ್‌ನ ನಗರಾಡಳಿತ ಮೂರು ಲಕ್ಷ ಬೇಚುಗಳನ್ನು ತನ್ನ ಖರ್ಚಿನಲ್ಲಿ ಶೇಕಡಾ 30 ರಿಯಾಯಿತಿ ಕೊಟ್ಟು ಸಂತೆಗಳಲ್ಲಿ ಮಾರಿಸಿತು. ಕೊರಿಯನ್ ಭಾಷೆಯಲ್ಲಿ ‘ಗುಮ್’ ಎಂದರೆ ಚಿನ್ನ. ಕಿಮ್ಚಿಗೆ ಜನ ‘ಗುಮ್‌ಚಿ’ ಎಂದು ಹೆಸರಿಟ್ಟರು. ಬೆಲೆ ಏರಿದಾಗಲೆಲ್ಲ ಆ ಪದ ಮತ್ತೆ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅದರ ಜೊತೆಗೇ ಅಷ್ಟಿಷ್ಟು ತಪ್ಪು ತಿಳಿವಳಿಕೆಯೂ ಹಿಂಬಾಲಿಸುತ್ತದೆ.

ಎಲ್ಲಕ್ಕಿಂತ ದೊಡ್ಡದು ಇದು: ಸೆಪ್ಟೆಂಬರಿನಲ್ಲಿ ಬೇಚು ತುಟ್ಟಿಯಾಯಿತೆಂದರೆ ಆ ವರ್ಷದ ಕಿಮ್ಚಿಯ ಕಥೆ ಮುಗಿದ ಹಾಗೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಒಂದು ಬೇಚುವಿನ ಸರಾಸರಿ ಚಿಲ್ಲರೆ ಬೆಲೆ 10,000 ವಾನ್ ಹತ್ತಿರ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 600 ರೂಪಾಯಿ ಆದಾಗ ಜಗತ್ತಿನ ಹಲವು ಪತ್ರಿಕೆಗಳು ಹೀಗೇ ಬರೆದವು. ನಿಜವೇನೆಂದರೆ ಬೇಚು ಒಂದೇ ಬೆಳೆಯಲ್ಲ. ವಸಂತದ್ದು, ಬೇಸಿಗೆಯದ್ದು, ಶರತ್ಕಾಲದ್ದು, ಚಳಿಗಾಲದ್ದು ಎಂದು ನಾಲ್ಕು ಬೆಳೆಗಳು; ನಾಲ್ಕಕ್ಕೂ ನೆಲ ಬೇರೆ, ಹವೆ ಬೇರೆ. ಬೇಚುವಿಗೆ ಹಿತವಾದದ್ದು 18ರಿಂದ 21 ಡಿಗ್ರಿ ತಂಪು. ಬೇಸಿಗೆಯಲ್ಲಿ ಬಯಲುಸೀಮೆಯಲ್ಲಿ ಆ ತಂಪು ಎಲ್ಲಿಂದ ಬರಬೇಕು? ಹಾಗಾಗಿ ಜುಲೈಯಿಂದ ಸೆಪ್ಟೆಂಬರ್‌ವರೆಗೆ ದೇಶದ ಬಾಯಿಗೆ ಬೀಳುವುದು ಬಹುಪಾಲು ಗಾಂಗ್ವಾನ್ ಪ್ರಾಂತ್ಯದ ಬೆಟ್ಟದ ಬೆಳೆ. ತೇಬೆಕ್‌ನ ಇಳಿಜಾರುಗಳು, ಗಾಂಗ್ನಂಗ್ ಬಳಿ 1,100 ಮೀಟರ್ ಎತ್ತರದ ಆನ್‌ಬಾನ್‌ದೇಗಿ, ಹೀಗೆ ಕೆಲವೇ ಕೆಲವು ಜಾಗಗಳು. ಅಲ್ಲಿ ಹತ್ತು ದಿನ ಮಳೆ ಜಡಿದರೂ, ಬಿಸಿಲು ಕಾದರೂ ಸೋಲ್‌ನ ಅಂಗಡಿಯಲ್ಲಿ ಬೆಲೆ ಜಿಗಿಯುತ್ತದೆ. ಆ ಹೊತ್ತಿನಲ್ಲಿ ಬೇರೆ ಕಡೆಯಿಂದ ಬರುವ ಬೆಳೆ ತೀರಾ ಕಡಿಮೆ.

ಮನೆಮಂದಿಯೆಲ್ಲ ಸೇರಿ ಚಳಿಗಾಲಕ್ಕೆ ಕಿಮ್ಚಿ ಹಾಕಿಡುವ ‘ಕಿಮ್ಜಾಂಗ್’ ನಡೆಯುವುದಾದರೋ ನವೆಂಬರ್ ಕೊನೆ, ಡಿಸೆಂಬರ್ ಮೊದಲಲ್ಲಿ. ಯುನೆಸ್ಕೋ 2013ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಇದನ್ನೇ. ಕಿಮ್ಚಿ ಎಂಬ ತಿನಿಸನ್ನಲ್ಲ, ಅದನ್ನು ಕೂಡಿ ಮಾಡಿ ಹಂಚಿಕೊಳ್ಳುವ ರೂಢಿಯನ್ನು. ಇದೂ ಬಹಳ ಜನ ತಪ್ಪಾಗಿ ಹೇಳುವ ಸಂಗತಿ. ಖರ್ಚಿನ ಸಮೀಕ್ಷೆ ಮಾಡುವವರು ನಾಲ್ಕು ಜನರ ಮನೆಗೆ 20 ಬೇಚು ಎಂದು ಲೆಕ್ಕ ಹಿಡಿಯುತ್ತಾರೆ. ಆ ಇಪ್ಪತ್ತು ಬೆಟ್ಟದಿಂದ ಬರುವುದಿಲ್ಲ. ಆಗಸ್ಟ್-ಸೆಪ್ಟೆಂಬರಿನಲ್ಲಿ ತಗ್ಗಿನ ಹೊಲಗಳಲ್ಲಿ ನಾಟಿಯಾದ ಶರತ್ಕಾಲದ ಬೆಳೆಯಿಂದ ಬರುತ್ತವೆ. ನಾಲ್ಕರಲ್ಲಿ ಇದೇ ಹಿರಿದು, ಸಾಮಾನ್ಯವಾಗಿ 10 ಲಕ್ಷ ಟನ್ ಮೀರುತ್ತದೆ. 2024ರಲ್ಲೂ ಅದೇ ಆಯಿತು. ಸೆಪ್ಟೆಂಬರಿನಲ್ಲಿ ಚಿನ್ನವಾಗಿದ್ದ ಬೇಚು ಕಿಮ್ಜಾಂಗ್ ಹೊತ್ತಿಗೆ ಅರ್ಧಕ್ಕೂ ಕಡಿಮೆ ಬೆಲೆಗೆ ಇಳಿಯಿತು. ಬೆಲೆ ಏರಿದ ಸುದ್ದಿ ಓಡಿದಷ್ಟು ದೂರ ಇಳಿದ ಸುದ್ದಿ ಓಡಲಿಲ್ಲ, ಅಷ್ಟೆ.

ಬೆಲೆ ಏರಿದರೆ ರೈತನ ಜೇಬು ತುಂಬುತ್ತದೆ ಎಂಬುದು ಇನ್ನೊಂದು ಮಾತು. ಮಲೆನಾಡಿನವರಿಗೆ ಇದರ ಹುಳುಕು ಬೇಗ ತಿಳಿದೀತು. ಅಡಿಕೆ ತೋಟವನ್ನು ಚೇಣಿಗೆ ಕೊಟ್ಟ ಹಾಗೆ, ಬೇಚು ಹೊಲವನ್ನೂ ಫಸಲು ನಿಂತಿರುವಾಗಲೇ ವ್ಯಾಪಾರಿಗೆ ಒಟ್ಟಾಗಿ ಮಾರಿಬಿಡುವ ಪದ್ಧತಿ ಕೊರಿಯಾದಲ್ಲಿ ಬೇರೂರಿದೆ. ‘ಬಾತ್ತೇಗಿ’ ಎಂದು ಅದರ ಹೆಸರು. ರೈತನಿಗೆ ಮುಂಗಡ ಕೈಗೆ ಬರುತ್ತದೆ, ಕೊಯ್ಲು-ಸಾಗಾಟದ ತಲೆನೋವು ತಪ್ಪುತ್ತದೆ. ಆಮೇಲೆ ಬೆಲೆ ನಾಲ್ಕು ಪಟ್ಟಾದರೆ ಲಾಭ ವ್ಯಾಪಾರಿಯದು. ಇನ್ನು ಹೊಲವನ್ನು ಮಾರದೆ ಉಳಿಸಿಕೊಂಡವನಿಗೆ ಬೆಲೆ ಸಿಗಬೇಕಲ್ಲ ಎಂದರೆ, ಬೆಲೆ ಏರಿರುವುದೇ ಅವನ ಹೊಲದಲ್ಲಿ ಬೇಚು ಕೊಳೆತದ್ದರಿಂದ!

ಮರುವರ್ಷದ ಕಥೆ ಇನ್ನೂ ಬೇಸರದ್ದು. 2010ರ ಬೆಲೆ ಕಂಡವರೆಲ್ಲ ಬೇಚು ಹಾಕಿದರು. 2011ರಲ್ಲಿ ಬೆಲೆ ನೆಲ ಕಚ್ಚಿ, ಕೊಯ್ಲಿನ ಕೂಲಿಯೂ ಹುಟ್ಟದೆಂದು ರೈತರು ನಿಂತ ಬೆಳೆಯ ಮೇಲೆ ಟ್ರ್ಯಾಕ್ಟರ್ ಹರಿಸಿದರು.

ಚೀನಾದಿಂದ ತರಿಸಿದರೆ ಆಯಿತಲ್ಲ? ತರಿಸುತ್ತಾರೆ. 2010ರಲ್ಲಿ ಸುಂಕ ತಾತ್ಕಾಲಿಕವಾಗಿ ತೆಗೆದು ತರಿಸಿದರು, 2024ರ ಸೆಪ್ಟೆಂಬರಿನಲ್ಲೂ ತರಿಸಿದರು. ಆ ಸಲ ಮೊದಲ ಕಂತು ಬಂದದ್ದು 16 ಟನ್. ಐದು ಕೋಟಿ ಜನ ಮೂರು ಹೊತ್ತು ತಿನ್ನುವ ಪದಾರ್ಥಕ್ಕೆ 16 ಟನ್ ಎಂದರೆ ಊಟದೆಲೆಯ ತುದಿಗೆ ಬಡಿಸಿದ ಉಪ್ಪು. ಆದರೆ ಈ ಪ್ರಶ್ನೆಯ ಹಿಂದೆ ಇನ್ನೂ ದೊಡ್ಡ ಕಲ್ಪನೆಯೊಂದು ಅಡಗಿದೆ: ಕೊರಿಯನ್ನರು ತಿನ್ನುವುದೆಲ್ಲ ಕೊರಿಯಾದಲ್ಲೇ ಆದ ಕಿಮ್ಚಿ ಎಂಬುದು. 2024ರಲ್ಲಿ ದಕ್ಷಿಣ ಕೊರಿಯಾ ಆಮದು ಮಾಡಿಕೊಂಡ ಸಿದ್ಧ ಕಿಮ್ಚಿ 3 ಲಕ್ಷ ಟನ್ನಿಗೂ ಹೆಚ್ಚು, ಹೆಚ್ಚುಕಡಿಮೆ ಎಲ್ಲವೂ ಚೀನಾದ್ದು. ಕೊರಿಯಾ ರಫ್ತು ಮಾಡಿದ್ದು 50 ಸಾವಿರ ಟನ್ನಿಗೂ ಕಡಿಮೆ.

ಈ ಆಮದು ಕಿಮ್ಚಿ ಹೋಗುವುದು ಬಹುಪಾಲು ಹೋಟೆಲುಗಳಿಗೆ. ಕೊರಿಯಾದ ಹೋಟೆಲುಗಳಲ್ಲಿ ಕಿಮ್ಚಿಗೆ ಬಿಲ್ಲಿಲ್ಲ. ನಮ್ಮಲ್ಲಿ ಸಾಂಬಾರ್ ಕೇಳಿದಷ್ಟು ಸುರಿಯುವ ಹಾಗೆ ಕೇಳಿದಷ್ಟು ಬಡಿಸಬೇಕು. ಪುಕ್ಕಟೆ ಕೊಡುವುದನ್ನು ಯಾರು ತುಟ್ಟಿ ಬೆಲೆಗೆ ಕೊಳ್ಳುತ್ತಾರೆ? 2021ರಲ್ಲಿ ಚೀನಾದ ವಿಡಿಯೊವೊಂದು ಹರಿದಾಡಿತು. ದೊಡ್ಡ ಗುಂಡಿಯ ಕಂದು ನೀರಿನಲ್ಲಿ ಅರೆಬೆತ್ತಲೆ ಮನುಷ್ಯನೊಬ್ಬ ಬೇಚು ತಿರುವುತ್ತಿದ್ದ ದೃಶ್ಯ ಅದು. ಆ ವರ್ಷ ಆಮದು ಕುಸಿಯಿತು. ಅಸಹ್ಯ ಹೆಚ್ಚು ದಿನ ಬಾಳಲಿಲ್ಲ. ಲೆಕ್ಕಾಚಾರ ಗೆದ್ದಿತು, ಆಮದು ಮತ್ತೆ ಏರಿತು.

ಅಂದ ಹಾಗೆ ಬೇಚು ಕಿಮ್ಚಿ ಅನಾದಿಯಲ್ಲ. ತರಕಾರಿ ಉಪ್ಪಲ್ಲಿ ಹುದುಗಿಸುವುದು ಹಳೆಯದು, ಮೂಲಂಗಿ ಕಿಮ್ಚಿಯೂ ಹಳೆಯದು. ಆದರೆ ಮೆಣಸಿನಕಾಯಿ ಬ್ಯಾಡಗಿಗೆ ಹೇಗೋ ಕೊರಿಯಾಕ್ಕೂ ಹಾಗೆಯೇ ಅಮೆರಿಕ ಖಂಡದಿಂದ ಬಂದ ಅತಿಥಿ. ಹದಿನಾರನೆಯ ಶತಮಾನದ ಕೊನೆಗಿಂತ ಮುಂಚೆ ಕೊರಿಯಾದಲ್ಲಿ ಅದರ ಬಳಕೆ ಇತ್ತೆನ್ನುವ ಇತಿಹಾಸಕಾರರು ಕಡಿಮೆ. ಇವತ್ತಿನ ದಪ್ಪ ಗಡ್ಡೆಯಂಥ ಬೇಚುವಂತೂ ಇಪ್ಪತ್ತನೆಯ ಶತಮಾನದ ಕೂಸು. ಅದನ್ನು ಕೊರಿಯಾದ ಮಣ್ಣಿಗೆ ಒಗ್ಗಿಸಿದವರಲ್ಲಿ ಮುಖ್ಯರು ಊ ಜಾಂಗ್‌ಚುನ್ (1898-1959). ಜಪಾನಿನಲ್ಲಿ ಹುಟ್ಟಿ ಬೆಳೆದ ಈ ಸಸ್ಯವಿಜ್ಞಾನಿ 1950ರಲ್ಲಿ ಕೊರಿಯಾಕ್ಕೆ ಬಂದು, ಬೇಚು-ಮೂಲಂಗಿಗಳ ಒಳ್ಳೆಯ ಬಿತ್ತನೆ ಬೀಜ ದೇಶದಲ್ಲೇ ಸಿಗುವಂತೆ ಮಾಡಿದರು. ಕನ್ನಡಿಗರ ಒಗ್ಗರಣೆ ಸೌಟಿಗೂ ಇವರ ಹೆಸರು ಅಂಟಿಕೊಂಡಿದೆ. ನಾವು ಚಟಪಟ ಸಿಡಿಸುವ ಸಾಸಿವೆ, ಬೇಚುವಿನ ಕುಲದ ಗಿಡವೂ ಕರಿಸಾಸಿವೆಯೂ ಕೂಡಿ ಹುಟ್ಟಿದ ಮಿಶ್ರಸಂತಾನ ಎಂಬ ನಂಟನ್ನು 1935ರಲ್ಲಿ ವಿವರಿಸಿದವರು ಅವರೇ.

ಹಾಗಾದರೆ ಬೇಚುವಿನ ಬೆಲೆಯ ಈ ಗದ್ದಲವೆಲ್ಲ ಬರೀ ಸದ್ದು, ನವೆಂಬರಿಗೆ ಸರಿಹೋಗುವ ತಾತ್ಕಾಲಿಕ ಗುಲ್ಲು ಎಂದು ಕೈಚೆಲ್ಲಬಹುದೇ? ಅದು ಇನ್ನೊಂದು ತುದಿಯ ತಪ್ಪು. ಬೆಟ್ಟದ ಬೇಚು ನಿಜಕ್ಕೂ ಕರಗುತ್ತಿದೆ. 8,796 ಹೆಕ್ಟೇರ್ ಇದ್ದ ಅದರ ವಿಸ್ತೀರ್ಣ ಎರಡು ದಶಕಗಳಲ್ಲಿ ಕುಗ್ಗುತ್ತ ಬಂದು 2023ರ ಹೊತ್ತಿಗೆ 3,995ಕ್ಕೆ ಇಳಿದಿತ್ತು. ಈಗಿನ ಹವಾಮಾನದ ದಾರಿಯಲ್ಲೇ ಸಾಗಿದರೆ ಈ ಶತಮಾನದ ನಡುವಿನ ಹೊತ್ತಿಗೆ 44 ಹೆಕ್ಟೇರ್ ಉಳಿದೀತು, 2090ಕ್ಕೆ ಅದೂ ಇಲ್ಲ ಎಂಬುದು ದೇಶದ ಗ್ರಾಮೀಣಾಭಿವೃದ್ಧಿ ಆಡಳಿತದ ಅಂದಾಜು. ಬಿಸಿಲೊಂದನ್ನೇ ದೂರುವಂತೆಯೂ ಇಲ್ಲ. ವರ್ಷವರ್ಷವೂ ಅದೇ ಹೊಲಕ್ಕೆ ಅದೇ ಬೇಚು ಹಾಕಿ ಮಣ್ಣಿನಲ್ಲಿ ಬೇರುಗಂಟು ರೋಗ, ಜಂತುಹುಳು ಬೀಡುಬಿಟ್ಟಿವೆ. ಸೆಕೆಯೂ ಮಳೆಯೂ ಒಟ್ಟಿಗೆ ಬಂದರೆ ಕೊಳೆರೋಗ ಹಬ್ಬಿ, ಹೊರಗಿನಿಂದ ಹಸಿರಾಗಿ ಕಾಣುವ ಬೇಚು ಒಳಗೊಳಗೇ ಲೋಳೆಯಾಗುತ್ತದೆ. ಇಳಿಜಾರಿನಲ್ಲಿ ಬಗ್ಗಿ ದುಡಿಯುವವರಿಗೆ ವಯಸ್ಸಾಗುತ್ತಿದೆ.

ಬೆಲೆಯ ಏರಿಳಿತ ತಗ್ಗಿಸಲು ಗ್ವೇಸಾನ್ ಮತ್ತು ಹೇನಾಮ್ ಎಂಬ ಕಡೆಗಳಲ್ಲಿ ತಲಾ 10,000 ಟನ್ ಬೇಚು ಹಿಡಿಸುವ, ದಿನಕ್ಕೆ 50 ಟನ್ ಬೇಚುವಿಗೆ ಉಪ್ಪು ಹಾಕಿಡುವ ಎರಡು ಉಗ್ರಾಣ ಕಟ್ಟುವುದಾಗಿ ಸರ್ಕಾರ 2022ರಲ್ಲಿ ಸಾರಿತು. ಇನ್ನೊಂದು ಕಡೆ ತಳಿವಿಜ್ಞಾನಿಗಳು ಸೆಕೆ ತಾಳುವ ಬೇಚುಗಳನ್ನು ತಂದಿದ್ದಾರೆ. ಬೆಟ್ಟದ ರೈತರು ಅವುಗಳನ್ನು ಕೊಂಚ ಅನುಮಾನದಿಂದಲೇ ನೋಡುತ್ತಿದ್ದಾರೆ. ಬೆಳೆಯುವ ಖರ್ಚು ಹೆಚ್ಚೆಂಬುದು ಒಂದು ದೂರು. ರುಚಿ ಮೊದಲಿನದಲ್ಲ ಎಂಬುದು ಇನ್ನೊಂದು.