ಸಾಫ್ಟ್‌ವೇರು ಒಂದೇ, ಮಷೀನು ಹಲವು: ನಮ್ಮ ಹುಡುಗರು ಎಡವುವುದು ಚುಕ್ಕಿಯಲ್ಲಿ

ಕಲಬುರಗಿ: ಮಿಲ್ಲಿಂಗ್ ಎಂದೊಡನೆ ನಮ್ಮ ಕಡೆಯ ಜನರ ಕಣ್ಣಿಗೆ ಬರುವುದು ತೊಗರಿ ಬೇಳೆ ಮಿಲ್ಲು. ಅದಲ್ಲದಿದ್ದರೆ ಭೂಸನೂರು, ಹವಳಗಾ, ಮಳ್ಳಿಯ ಸಕ್ಕರೆ ಕಾರ್ಖಾನೆ. ಆದರೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಂದ ಐಟಿಐ ಮುಗಿಸಿ, ಚೀಲ ಹೆಗಲಿಗೇರಿಸಿ ಪುಣೆ, ಬೆಂಗಳೂರಿನ ರಾತ್ರಿ ಬಸ್ಸು ಹತ್ತುವ ಹುಡುಗರ ಹೊಟ್ಟೆ ತುಂಬಿಸುವ ಮಿಲ್ಲಿಂಗೇ ಬೇರೆ. ಅಲ್ಲಿ ಕಬ್ಬಿಣದ ತುಂಡನ್ನು ಬಿಗಿಯಾಗಿ ಹಿಡಿದಿಟ್ಟು, ಗಿರ್ರನೆ ತಿರುಗುವ ಕಟ್ಟರಿನಿಂದ ಕೆತ್ತಿ ಆಕಾರ ಕೊಡುತ್ತಾರೆ. ಕಟ್ಟರನ್ನು ಆಡಿಸುವುದು ಮನುಷ್ಯನ ಕೈಯಲ್ಲ, ಕಂಪ್ಯೂಟರು.

ಕಟ್ಟರು ಎಲ್ಲಿಂದ ಎಲ್ಲಿಗೆ, ಎಷ್ಟು ವೇಗದಲ್ಲಿ ಹೋಗಬೇಕೆಂಬ ದಾರಿಯನ್ನು ಹಾಕಿಕೊಡುವ ಸಾಫ್ಟ್‌ವೇರಿಗೆ ಕ್ಯಾಮ್ ಎಂದು ಹೆಸರು. ಇದನ್ನು ಕಲಿಯಲು ಹೊರಟ ಹುಡುಗನ ಮೊದಲ ಪ್ರಶ್ನೆ ಒಂದೇ: "ಸರ್, ಒಂದು ಸಾಫ್ಟ್‌ವೇರ್ ಕಲಿತ್ರ ಎಲ್ಲಾ ಕಂಪನಿ ಮಷೀನಿಗೂ ನಡೀತದೇನ್ರಿ?"

ನಡೀತದ. ಆದ್ರ ನಡುವ ಒಬ್ಬ ದುಭಾಷಿ ಬೇಕು.

ಆ ದುಭಾಷಿಯ ಹೆಸರು ಪೋಸ್ಟ್ ಪ್ರೊಸೆಸರ್. ಮಷೀನುಗಳ ಭಾಷೆ ಜಿ-ಕೋಡ್. ಇದಕ್ಕೆ 1982ರಲ್ಲಿ ಐಎಸ್‌ಒ 6983 ಎಂಬ ಅಂತರರಾಷ್ಟ್ರೀಯ ಮಾನಕವೂ ಬಂತು. ಬಂದರೇನು? ಮೈಸೂರಿನವರದೂ ಕನ್ನಡ, ಆಳಂದದವರದೂ ಕನ್ನಡ. ಸಂತೆಯಲ್ಲಿ ನಿಂತಾಗಲೇ ವ್ಯತ್ಯಾಸ ತಿಳಿಯುವುದು. ಆಳದ ತೂತು ಕೊರೆಯಲು ಜಪಾನಿನ ಫ್ಯಾನಕ್ ಕಂಟ್ರೋಲಿಗೆ ಜಿ 83 ಎನ್ನಬೇಕು, ಜರ್ಮನಿಯ ಸೀಮೆನ್ಸಿಗೆ ಸೈಕಲ್ 83 ಎನ್ನಬೇಕು. ಜರ್ಮನಿಯದೇ ಆದ ಹೈಡೆನ್‌ಹೈನಿನ ಸ್ವಂತ ಭಾಷೆಯಂತೂ ಇವೆರಡಕ್ಕೂ ದೂರ.

ಪದ ತಪ್ಪಿದರೆ ಚಿಂತೆಯಿಲ್ಲ, ಮಷೀನು ಅಲಾರಂ ಕೊಟ್ಟು ನಿಲ್ಲುತ್ತದೆ. ಅಪಾಯವಿರುವುದು ಪದ ಸರಿಯಿದ್ದು ಅರ್ಥ ತಪ್ಪಿದಾಗ. ಕಟ್ಟರನ್ನು 100 ಮಿಲಿಮೀಟರ್ ಮೇಲೆತ್ತಲು 'ಝಡ್ 100' ಎಂದು ಬರೆದರೆ ಸೀಮೆನ್ಸ್ ಸರಿಯಾಗಿ ಎತ್ತುತ್ತದೆ. ಹಳೆಯ ರೂಢಿಯ ಸೆಟ್ಟಿಂಗಿನಲ್ಲಿರುವ ಫ್ಯಾನಕ್ಕಿಗೆ 100ರ ಮುಂದೆ ಒಂದು ದಶಮಾಂಶ ಚುಕ್ಕಿ ಇರಲೇಬೇಕು. ಇಲ್ಲದಿದ್ದರೆ ಅದು 100 ಮೈಕ್ರಾನ್ ಎಂದು ಓದಿಕೊಳ್ಳುತ್ತದೆ. ಅಂದರೆ 0.1 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಕಾಗದದ ದಪ್ಪ. ಕಟ್ಟರು ಮೇಲೆ ಹೋಯಿತೆಂದು ಪ್ರೋಗ್ರಾಂ ನಂಬಿರುತ್ತದೆ, ಮುಂದಿನ ಸಾಲಿನಲ್ಲಿ ಪೂರ್ಣ ವೇಗದಿಂದ ಅಡ್ಡ ಓಡಿಸುತ್ತದೆ. ನಡುವೆ ಕ್ಲಾಂಪ್ ಇದ್ದರೆ ಢಮಾರ್! ಪರೀಕ್ಷೆಯಲ್ಲಿ ಚುಕ್ಕಿ ಬಿಟ್ಟರೆ ಮಾರ್ಕು ಹೋದೀತು. ಇಲ್ಲಿ ಕಟ್ಟರು ಮುರಿಯುತ್ತದೆ, ಸ್ಪಿಂಡಲ್ ಬೇರಿಂಗು ಕೆಡುತ್ತದೆ, ಹೊಸದಾಗಿ ಸೇರಿದ ಹುಡುಗನಾದರೆ ನೌಕರಿಯೂ ಹೋದೀತು. ಸರಿಯಾದ ಪೋಸ್ಟ್ ಆರಿಸಿದ್ದರೆ ಆ ಚುಕ್ಕಿಯನ್ನು ಅದೇ ಹಾಕುತ್ತಿತ್ತು.

ಇನ್ನೊಂದು ಮಾತು. ಮಷೀನಿನ ಮೇಲಿರುವ ಹೆಸರು ನೋಡಿ ಪೋಸ್ಟ್ ಆರಿಸುವುದು ದೊಡ್ಡ ತಪ್ಪು. ಬಸ್ಸಿನ ಬಾಡಿ ಮೇಲೆ ಸಾರಿಗೆ ನಿಗಮದ ಹೆಸರಿದ್ದರೂ ಚಾಸಿ ಲೇಲ್ಯಾಂಡೋ ಟಾಟಾವೋ ಇರುವುದಿಲ್ಲವೇ? ಹಾಗೆಯೇ ಬೆಂಗಳೂರಿನ ಬಿಎಫ್‌ಡಬ್ಲ್ಯು ಮಷೀನಿಗೆ ಫ್ಯಾನಕ್ ಕಂಟ್ರೋಲೂ ಇರಬಹುದು, ಸೀಮೆನ್ಸೂ ಇರಬಹುದು. ಕೇಳಬೇಕಾದ್ದು ಕಂಟ್ರೋಲಿನ ಹೆಸರು ಮತ್ತು ಮಾಡೆಲು. ಎರಡನೇ ಮಷೀನು ತಂದ ಶೆಡ್ಡಿನ ಮಾಲೀಕರೂ ಇದನ್ನೇ ತಿಳಿದಿರಬೇಕು. ಮಷೀನು ಬೇರೆ ಕಂಪನಿಯದು ಎಂಬ ಒಂದೇ ಕಾರಣಕ್ಕೆ ಇನ್ನೊಂದು ಸಾಫ್ಟ್‌ವೇರಿಗೆ ದುಡ್ಡು ಸುರಿಯಬೇಕಾಗಿಲ್ಲ. ಸಾಮಾನ್ಯವಾಗಿ ಇನ್ನೊಂದು ಪೋಸ್ಟ್ ಸಾಕು. ಕಾಸಿಲ್ಲದೆ ಸಿಗುವ ಫ್ರೀಕ್ಯಾಡ್‌ನಲ್ಲೂ ಫ್ಯಾನಕ್, ಹೈಡೆನ್‌ಹೈನ್ ಮುಂತಾದವುಗಳ ಪೋಸ್ಟ್‌ಗಳಿವೆ.

2022ರ ಜೂನ್ 20ರಂದು ಪ್ರಧಾನಿಗಳು ಬೆಂಗಳೂರಿಗೆ ಬಂದಾಗ, ಸುಮಾರು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ಮೇಲ್ದರ್ಜೆಗೇರಿಸಿದ ರಾಜ್ಯದ 150 ಐಟಿಐಗಳನ್ನು ಲೋಕಾರ್ಪಣೆ ಮಾಡಿದರು. 1972ರಲ್ಲಿ ಡೆನ್ಮಾರ್ಕಿನ ಸಹಕಾರದಿಂದ ಬೆಂಗಳೂರಿನಲ್ಲಿ ಆರಂಭವಾದ ಜಿಟಿಟಿಸಿಯ ಕೇಂದ್ರ ಕಲಬುರಗಿಯಲ್ಲೂ ಇದೆ. ಮಷೀನು ಬಂದದ್ದು ಸಂತೋಷ. ಆದರೆ ತರಬೇತಿಗೆ ಸೇರುವ ಹುಡುಗರೂ ಅವರ ತಂದೆ-ತಾಯಿಯೂ ಅರ್ಜಿ ತುಂಬುವ ಮೊದಲು ಒಂದು ಪ್ರಶ್ನೆ ಕೇಳಲಿ: "ಒಂದೇ ಕಂಟ್ರೋಲ್ ಮ್ಯಾಲ ಕಲಿಸ್ತೀರೋ, ಎರಡು ಮೂರರ ಮ್ಯಾಲ ಕಲಿಸ್ತೀರೋ?" ಪುಣೆಯ ಫ್ಯಾಕ್ಟರಿಯಲ್ಲಿ ಯಾವ ಮಷೀನಿನ ಮುಂದೆ ನಿಲ್ಲಿಸುತ್ತಾರೆಂದು ಜೇವರ್ಗಿಯಲ್ಲಿ ಕುಳಿತು ಹೇಳಲಾಗದು.

ಅಲ್ಲಿಯವರೆಗೆ ಅನುಭವಸ್ಥ ಆಪರೇಟರುಗಳು ಮಾಡುವುದನ್ನೇ ಮಾಡಬೇಕು. ಹೊಸ ಪೋಸ್ಟ್‌ನಿಂದ ಬಂದ ಪ್ರೋಗ್ರಾಮನ್ನು ಮೊದಲು ಕಬ್ಬಿಣವಿಡದೆ, ಕಟ್ಟರನ್ನು ಎತ್ತರದಲ್ಲಿಟ್ಟು ಬರೀ ಗಾಳಿಯಲ್ಲಿ, ಒಂದೊಂದೇ ಸಾಲಾಗಿ ಓಡಿಸಿ ನೋಡುತ್ತಾರೆ. ಅಷ್ಟು ಹೊತ್ತೂ ಒಂದು ಕೈ ಕೆಂಪು ಗುಂಡಿಯ ಮೇಲೆಯೇ ಇರುತ್ತದೆ.